ಮೇಜರ್, ಮೈನರ್ ಆರಿಸುವ ಮುನ್ನ ಹಾಕಬೇಕಾದ ಲೆಕ್ಕ

ಹಲವು ವಿಷಯಗಳನ್ನು ಒಟ್ಟಿಗೆ ಕಲಿಸುವ ಅಮೆರಿಕ ಮಾದರಿಯ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಪದವಿಗೆ ಹೆಚ್ಚಾಗಿ ಸುಮಾರು 32 ಕೋರ್ಸು ಬೇಕು: ಎಂಟು ಸೆಮಿಸ್ಟರ್, ಒಂದೊಂದರಲ್ಲಿ ನಾಲ್ಕು. ಮೇಜರ್‌ಗೆ (ಮುಖ್ಯ ವಿಷಯ) 10ರಿಂದ 12, ಮೈನರ್‌ಗೆ (ಜೊತೆಯ ಕಿರು ವಿಷಯ) 5 ಅಥವಾ 6 ಹೋಗುತ್ತವೆ. ಉಳಿದವು ಕಡ್ಡಾಯ ಸಾಮಾನ್ಯ ಶಿಕ್ಷಣಕ್ಕೆ ಮತ್ತು ನಿಮ್ಮ ಆಸಕ್ತಿಗೆ.

ಮೇಜರ್ ಘೋಷಿಸಲು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯವರೆಗೆ ಸಮಯವಿರುತ್ತದೆ. ವಿಜ್ಞಾನದತ್ತ ಒಲವಿದ್ದವರು ಈ ಗಡುವನ್ನು ನಂಬಿ ಕೂರಬಾರದು. ಸಾಮಾನ್ಯ ರಸಾಯನಶಾಸ್ತ್ರ ಮುಗಿಸದೆ ಸಾವಯವ ರಸಾಯನಶಾಸ್ತ್ರಕ್ಕೆ ಹೆಚ್ಚಿನ ಕಡೆ ಪ್ರವೇಶವಿಲ್ಲ. ಭೌತ ರಸಾಯನಶಾಸ್ತ್ರಕ್ಕೆ ಕ್ಯಾಲ್ಕುಲಸ್ ಕೂಡ ಬೇಕು. ಮೊದಲ ಸೆಮಿಸ್ಟರ್ ತಪ್ಪಿದರೆ ಇಡೀ ಸರಣಿ ಒಂದು ವರ್ಷ ಹಿಂದೆ ಬೀಳಬಹುದು. ಇತಿಹಾಸ, ಸಾಹಿತ್ಯಗಳಲ್ಲಿ ಇಷ್ಟು ಬಿಗಿಯಿಲ್ಲ.

ಹಾಳೆಯ ಮೇಲೆ ಎಂಟು ಕಾಲಂ ಎಳೆದು, ಕೊನೆಯಿಂದ ತುಂಬಿ. ಅಂತಿಮ ವರ್ಷದ ಪ್ರಬಂಧ ಅಥವಾ ಸೆಮಿನಾರ್ ಮೊದಲು, ಅದಕ್ಕೆ ಬೇಕಾದ ಪೂರ್ವ ಕೋರ್ಸುಗಳು ಆಮೇಲೆ. ವರ್ಷ ಬಿಟ್ಟು ವರ್ಷ ನಡೆಯುವ ಕೋರ್ಸುಗಳನ್ನು ಗುರುತು ಮಾಡಿ; ಯೋಜನೆ ಹೆಚ್ಚಾಗಿ ಮುರಿಯುವುದು ಅಲ್ಲೇ. ವಿದೇಶದಲ್ಲಿ ಓದುವ ಸೆಮಿಸ್ಟರ್ ಇದ್ದರೆ, ಅಲ್ಲಿನ ಕೋರ್ಸು ಮೇಜರ್‌ಗೆ ಸಲ್ಲುತ್ತದೆಯೇ ಎಂದು ಹೊರಡುವ ಮುನ್ನವೇ ವಿಭಾಗದಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಒಂದೇ ಕೋರ್ಸನ್ನು ಮೇಜರ್, ಮೈನರ್ ಎರಡಕ್ಕೂ ಲೆಕ್ಕ ಹಾಕಲು ಅನೇಕ ಕಡೆ ಮಿತಿಯಿದೆ. ಪಾಸ್-ಫೇಲ್ ಆಗಿ, ಅಂದರೆ ಗ್ರೇಡ್ ಇಲ್ಲದೆ, ತೆಗೆದುಕೊಂಡ ಕೋರ್ಸು ಮೇಜರ್‌ಗೆ ಸಲ್ಲದಿರಬಹುದು. ಎರಡು ಮೇಜರ್‌ಗಿಂತ ಒಂದು ಮೇಜರ್, ಜೊತೆಗೆ ಸಂಖ್ಯಾಶಾಸ್ತ್ರದಂಥ ಮೈನರ್ ಬಹಳ ಮಂದಿಗೆ ಹೆಚ್ಚು ಒದಗುತ್ತದೆ, ಪ್ರಬಂಧಕ್ಕೂ ಸಮಯ ಉಳಿಯುತ್ತದೆ.