ನಾನೇ ಬರೆದ ಮಾನಿಟರಿಂಗ್ ಸ್ಕ್ರಿಪ್ಟಿನಲ್ಲಿ ರೂಟ್‌ಗೆ ತೆರೆದಿದ್ದ ದಾರಿ

ಉಡುಪಿ ಸಮೀಪದ ಇಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್‌ನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲೊಂದು ಜಿಪಿಯು ಇರುವ ಲಿನಕ್ಸ್ ಸರ್ವರ್. ಸುಮಾರು ಎಪ್ಪತ್ತು ವಿದ್ಯಾರ್ಥಿಗಳಿಗೆ ಅದರಲ್ಲಿ ಲಾಗಿನ್ ಇದೆ. ಏಪ್ರಿಲ್ ಸೆಖೆಯಲ್ಲಿ ಎಸಿ ಕೈಕೊಟ್ಟು ಸರ್ವರ್ ಎರಡು ಬಾರಿ ತಾನಾಗಿ ಆಫ್ ಆದ ಮೇಲೆ, ಸಿಪಿಯು ಉಷ್ಣತೆ, ಮೆಮೊರಿ, ಜಿಪಿಯು ಬಳಕೆ ಮತ್ತು ಡಿಸ್ಕ್‌ನ ಆರೋಗ್ಯವನ್ನು ಐದು ನಿಮಿಷಕ್ಕೊಮ್ಮೆ ದಾಖಲಿಸುವ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದು ಸರ್ವರಿನ ಮೇಲೆ ಪೂರ್ಣ ಅಧಿಕಾರವಿರುವ 'ರೂಟ್' ಖಾತೆಯ ಕ್ರಾನ್‌ಗೆ, ಅಂದರೆ ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳ ಪಟ್ಟಿಗೆ, ಸೇರಿಸಿದ್ದೆ. ಯಾರ ಯಾವ ಕೆಲಸ ಓಡುತ್ತಿದೆ ಎಂಬ ಟಿಪ್ಪಣಿಯನ್ನು ವಿದ್ಯಾರ್ಥಿಗಳ ಪ್ರೋಗ್ರಾಂಗಳೂ ಈ ದಾಖಲೆಗಳಿರುವ ಲಾಗ್ ಡೈರೆಕ್ಟರಿಯಲ್ಲೇ (ಫೋಲ್ಡರಿನಲ್ಲೇ) ಬರೆದಿಡಲಿ ಎಂದು ಆ ಡೈರೆಕ್ಟರಿಗೆ, ಯಾರು ಬೇಕಾದರೂ ಬರೆಯಬಹುದಾದ 777 ಅನುಮತಿ ಕೊಟ್ಟಿದ್ದೆ. ಸ್ಕ್ರಿಪ್ಟ್ ಪ್ರತಿ ಸಲ ತನ್ನ ಲಾಗ್ ಫೈಲನ್ನು ತೆರೆದು, ಒಂದು ಸಾಲು ಸೇರಿಸಿ, ಎಲ್ಲರೂ ಓದಿ ಬರೆಯಬಹುದಾದ 666 ಅನುಮತಿಯನ್ನು ಅದಕ್ಕೆ ಕೊಡುತ್ತಿತ್ತು.

ಜುಲೈ ತಿಂಗಳಲ್ಲಿ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಬಳಿ ಬಂದು, "ಸರ್, ಲಾಗ್ ಫೋಲ್ಡರಿನಲ್ಲಿ ನಿಮ್ಮ ಫೈಲನ್ನೂ ನನಗೆ ಡಿಲೀಟ್ ಮಾಡ್ಲಿಕ್ಕೆ ಆಗ್ತದೆ, ಬೇಕಂತಲೇ ಹಾಗೆ ಇಟ್ಟದ್ದಾ?" ಎಂದು ಕೇಳಿದ. ಅವನ ಪ್ರಶ್ನೆ ಕೇಳಿದ ಕೂಡಲೇ ನನಗೆ ನೆನಪಾದದ್ದು 'ಬಿಲೋ' ಎಂಬ ಸಾಫ್ಟ್‌ವೇರ್. ಮೆಟಾ ಕಂಪನಿ ರಸ್ಟ್ ಭಾಷೆಯಲ್ಲಿ ಬರೆದು ಮುಕ್ತವಾಗಿ ಕೊಟ್ಟಿರುವ ಲಿನಕ್ಸ್ ಮಾನಿಟರಿಂಗ್ ಸಾಧನ ಅದು. ಅದರಲ್ಲಿದ್ದ ದೋಷವನ್ನು ಸುಸೆ ಲಿನಕ್ಸ್‌ನ ಭದ್ರತಾ ತಂಡದವರು ಪತ್ತೆಹಚ್ಚಿದ್ದು, 2025ರ ಮಾರ್ಚ್‌ನಲ್ಲಿ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2025-27591 ಎಂಬ ಸಂಖ್ಯೆಯಲ್ಲಿ ಅದು ಪ್ರಕಟವಾಯಿತು, 0.9.0 ಆವೃತ್ತಿಯಲ್ಲಿ ದುರಸ್ತಿಯೂ ಆಯಿತು. ರೂಟ್ ಆಗಿ ಓಡುವ ಬಿಲೋ ತನ್ನ ಲಾಗ್ ಡೈರೆಕ್ಟರಿಯನ್ನು ಎಲ್ಲರಿಗೂ ಬರೆಯಲು ಬಿಟ್ಟಿತ್ತು, ಅದರೊಳಗಿನ ಎರರ್ ಲಾಗ್‌ಗೆ 666 ಕೊಡುತ್ತಿತ್ತು. ನಾವು ಅದನ್ನು ಬಳಸುವುದಿಲ್ಲ ಎಂದು ಮಾರ್ಚ್‌ನಲ್ಲಿ ಆ ವಿವರವನ್ನು ಮೇಲೆಮೇಲೆ ಓದಿ ಬಿಟ್ಟಿದ್ದೆ. ನನ್ನ ಸ್ಕ್ರಿಪ್ಟ್ ಮಾಡುತ್ತಿದ್ದದ್ದೂ ಅದನ್ನೇ. ಮೆಮೊರಿ ದೋಷಗಳನ್ನು ತಡೆಯುವ ರಸ್ಟ್ ಆಗಲಿ, ನಾನು ಬಳಸಿದ ಪೈಥಾನ್ ಆಗಲಿ ಇಂಥ ತಪ್ಪನ್ನು ತಡೆಯಲಾರದು, ಏಕೆಂದರೆ ಪ್ರೋಗ್ರಾಂ ತನಗೆ ಹೇಳಿದ್ದನ್ನೇ ಸರಿಯಾಗಿ ಮಾಡುತ್ತಿರುತ್ತದೆ.

ಇಲ್ಲಿ ಹಲವರು ಎಡವುವ ವಿಷಯವೊಂದಿದೆ. ಫೈಲಿನ ಮಾಲೀಕ ರೂಟ್ ಆಗಿದ್ದರೂ, ಅದನ್ನು ಅಳಿಸುವ ಹಕ್ಕನ್ನು ನಿರ್ಧರಿಸುವುದು ಫೈಲಿನ ಅನುಮತಿಯಲ್ಲ, ಅದು ಇರುವ ಡೈರೆಕ್ಟರಿಯ ಅನುಮತಿ. ನಮ್ಮ ವಿಭಾಗದ ನೋಟಿಸ್ ಬೋರ್ಡಿನ ಗಾಜಿನ ಬಾಗಿಲಿನ ಕೀಲಿ ಯಾರ ಕೈಯಲ್ಲಿದೆಯೋ ಅವರು ಪ್ರಾಂಶುಪಾಲರ ಸಹಿಯನ್ನು ತಿದ್ದಲಾರರಾದರೂ, ಆ ನೋಟಿಸನ್ನೇ ತೆಗೆದು ಅದೇ ಜಾಗದಲ್ಲಿ ಬೇರೊಂದನ್ನು ಅಂಟಿಸಬಲ್ಲರು. ಹಾಗೆಯೇ ಸಾಮಾನ್ಯ ಬಳಕೆದಾರನೊಬ್ಬ ನನ್ನ ಲಾಗ್ ಫೈಲನ್ನು ಅಳಿಸಿ, ಅದೇ ಹೆಸರಿನಲ್ಲಿ, ಎಲ್ಲರ ಪಾಸ್‌ವರ್ಡ್‌ಗಳ ಹ್ಯಾಶ್‌ಗಳು (ಗೂಢರೂಪಗಳು) ಇರುವ ಶ್ಯಾಡೋ ಫೈಲಿನ ಕಡೆಗೆ ತೋರಿಸುವ ಸಿಮ್‌ಲಿಂಕ್ ಎಂಬ ಕೊಂಡಿಯೊಂದನ್ನು ಇಟ್ಟರೆ ಸಾಕು. ಮುಂದಿನ ಐದು ನಿಮಿಷದೊಳಗೆ ರೂಟ್ ಅಧಿಕಾರವಿರುವ ಸ್ಕ್ರಿಪ್ಟ್ ಬಂದು ಆ ಲಿಂಕನ್ನು ಹಿಂಬಾಲಿಸಿ ಶ್ಯಾಡೋ ಫೈಲಿಗೇ 666 ಕೊಟ್ಟುಹೋಗುತ್ತದೆ. ಆಮೇಲೆ ರೂಟ್‌ನ ಪಾಸ್‌ವರ್ಡನ್ನೇ ಅವನು ಬದಲಿಸಬಹುದು.

ಓದಿದ್ದನ್ನು ನಂಬಿ ಕೂರದೆ, ವರ್ಚುವಲ್ ಮಷೀನ್ ಒಂದರಲ್ಲಿ ಸರ್ವರಿನ ಪ್ರತಿರೂಪ ಮಾಡಿ ಪರೀಕ್ಷಿಸಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2012ರಿಂದಲೂ ಸಿಮ್‌ಲಿಂಕ್ ರಕ್ಷಣೆ ಇರುವುದರಿಂದ, ಮತ್ತು ನಮ್ಮ ಸರ್ವರಿನಲ್ಲಿ ಅದು ಆನ್ ಆಗಿದ್ದುದರಿಂದ, ಕರ್ನಲ್ ಇದನ್ನು ತಡೆದೀತು ಎಂಬ ನಿರೀಕ್ಷೆ ನನಗಿತ್ತು. ತಡೆಯಲಿಲ್ಲ. ಐದು ನಿಮಿಷ ಕಳೆದು ನೋಡಿದಾಗ 640 ಇದ್ದ ಶ್ಯಾಡೋ ಫೈಲಿನ ಅನುಮತಿ 666 ಆಗಿತ್ತು, ಫೈಲ್ ತೆರೆದಾಗ ಹ್ಯಾಶ್‌ಗಳ ಕೆಳಗೆ ಕೊನೆಯ ಸಾಲಾಗಿ ಸಿಪಿಯು ಉಷ್ಣತೆ ಬರೆದಿತ್ತು. ಆ ಸಾಲನ್ನು ನೋಡುತ್ತ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕರ್ನಲ್ ಏಕೆ ತಡೆಯಲಿಲ್ಲ ಎಂದು ಹುಡುಕಿದಾಗ ತಿಳಿದದ್ದು, ಆ ರಕ್ಷಣೆ ಅನ್ವಯಿಸುವುದು ಎಲ್ಲರೂ ಬರೆಯಬಹುದಾದ ಮತ್ತು ಸ್ಟಿಕಿ ಬಿಟ್ (ಇನ್ನೊಬ್ಬರ ಫೈಲನ್ನು ಅಳಿಸಲು ಬಿಡದ ಗುರುತು) ಇರುವ, ಅಂದರೆ ಟೆಂಪ್ ಡೈರೆಕ್ಟರಿಯಂತೆ 1777 ಅನುಮತಿಯ ಡೈರೆಕ್ಟರಿಗಳಿಗೆ ಮಾತ್ರ ಎಂದು. ಪಟ್ಟಿಯಲ್ಲಿ ನೋಡಿದರೆ ವ್ಯತ್ಯಾಸ ಒಂದೇ ಅಕ್ಷರದ್ದು: ಅನುಮತಿಯ ಕೊನೆಯಲ್ಲಿ 'ಟಿ' ಇರಬೇಕಾದಲ್ಲಿ 'ಎಕ್ಸ್' ಇರುತ್ತದೆ.

ಸ್ಕ್ರಿಪ್ಟನ್ನು ಆ ಕ್ಷಣವೇ ನಿಲ್ಲಿಸಿದೆ. ಆದರೆ ಇಷ್ಟು ತಿಂಗಳಲ್ಲಿ ಯಾರಾದರೂ ಈ ದಾರಿಯನ್ನು ಬಳಸಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಾಯಿತು. ಫೈಲಿನ ಅನುಮತಿ ಬದಲಾದರೆ ಅದರ ಸಿ-ಟೈಮ್, ಅಂದರೆ ಕೊನೆಯ ಬದಲಾವಣೆಯ ಸಮಯದ ದಾಖಲೆ, ಬದಲಾಗುತ್ತದೆ ನಿಜ. ಆದರೆ ಯಾರಾದರೂ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಶ್ಯಾಡೋ ಫೈಲ್ ಹೊಸದಾಗಿ ಬರೆದು ಸ್ಥಾನಪಲ್ಲಟಗೊಳ್ಳುವುದರಿಂದ ಹಳೆಯ ಗುರುತು ಅಲ್ಲಿ ಉಳಿಯುವುದಿಲ್ಲ. ರೂಟ್ ಅಧಿಕಾರವನ್ನು ಎರವಲು ಕೊಡಬಲ್ಲ ಸುಡೋ ನಿಯಮಗಳು ಮತ್ತು ಸೆಟ್‌ಯುಐಡಿ ಇರುವ ಪ್ರೋಗ್ರಾಂಗಳು, ದೂರದಿಂದ ಲಾಗಿನ್ ಆಗಲು ಬಳಸುವ ರೂಟ್‌ನ ಎಸ್‌ಎಸ್‌ಎಚ್ ಕೀಗಳು, ಕ್ರಾನ್ ಪಟ್ಟಿಗಳು ಎಲ್ಲವನ್ನೂ ನೋಡಿದೆ. ಉಷ್ಣತೆಯ ಸಾಲು ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೇ ಎಂದು ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಡೈರೆಕ್ಟರಿಯನ್ನು ಪೂರ್ತಿ ಜಾಲಾಡಿದೆ. ಏನೂ ಸಿಗಲಿಲ್ಲ. ಆದರೂ ರೂಟ್ ಆದವನು ತನ್ನ ಹೆಜ್ಜೆ ಗುರುತುಗಳನ್ನು ಅಳಿಸಬಲ್ಲನಾದ್ದರಿಂದ, ಏನೂ ಸಿಗದಿದ್ದುದನ್ನು ನಾನು ಸಾಕ್ಷಿಯೆಂದು ಒಪ್ಪಲಿಲ್ಲ. ಸರ್ವರನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡುವುದೆಂದು ನಿರ್ಧರಿಸಿದೆ.

ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ಅತಿಯೆನಿಸಿತು. "ನಮ್ಮ ಮಕ್ಕಳು ಹಾಗೆಲ್ಲ ಮಾಡುವವರಲ್ಲ ಮಾರಾಯ್ರೆ, ಅಷ್ಟಕ್ಕೆ ಎಲ್ಲ ಅಳಿಸಿ ಹೊಸತಾಗಿ ಹಾಕ್ಲಿಕ್ಕೆ ಉಂಟಾ?" ಎಂದರು. ಮಕ್ಕಳ ಮೇಲೆ ನನಗೂ ಸಂಶಯವಿರಲಿಲ್ಲ. ಆದರೆ ಎಪ್ಪತ್ತು ಖಾತೆಗಳಲ್ಲಿ ಒಂದರ ಪಾಸ್‌ವರ್ಡ್ ದುರ್ಬಲವಾಗಿದ್ದು ಹೊರಗಿನವನ ಕೈಗೆ ಸಿಕ್ಕರೆ, ಅವನು ಮೊದಲು ಹುಡುಕುವುದು ಸಾಮಾನ್ಯ ಬಳಕೆದಾರನ ಮಟ್ಟದಿಂದ ರೂಟ್‌ಗೆ ಏರುವ ಇಂಥ ಮೆಟ್ಟಿಲನ್ನೇ ಎಂದು ವಿವರಿಸಿದಾಗ ಅವರು ಒಪ್ಪಿದರು. ಮಾತ್ರವಲ್ಲ, ಮಳೆಯ ಕಾರಣ ಕಾಲೇಜಿಗೆ ರಜೆ ಕೊಟ್ಟ ದಿನ ಲ್ಯಾಬ್‌ಗೆ ಬಂದು ವಿದ್ಯಾರ್ಥಿಗಳ ಡೇಟಾ ಬ್ಯಾಕಪ್‌ಗೆ ಕೈಜೋಡಿಸಿದರು.

ಹೊಸ ವ್ಯವಸ್ಥೆಯನ್ನು ಕಟ್ಟುವಾಗ ನಾನು ಮೊದಲು ಕೇಳಿಕೊಂಡದ್ದು, ಈ ಸ್ಕ್ರಿಪ್ಟಿಗೆ ರೂಟ್ ಏಕೆ ಬೇಕು ಎಂದು. ಉಷ್ಣತೆ, ಮೆಮೊರಿ, ಲೋಡ್ ಇವೆಲ್ಲವನ್ನು ಕರ್ನಲ್ ತನ್ನ ಸ್ಥಿತಿಯನ್ನು ತೋರಿಸುವ ಪ್ರಾಕ್ ಮತ್ತು ಸಿಸ್ ಡೈರೆಕ್ಟರಿಗಳಿಂದ ಯಾವ ಬಳಕೆದಾರ ಬೇಕಾದರೂ ಓದಬಹುದು. ಜಿಪಿಯು ಬಳಕೆಯೂ ಹಾಗೆಯೇ. ಡಿಸ್ಕಿನ 'ಸ್ಮಾರ್ಟ್' ಎಂಬ ಆರೋಗ್ಯ ಮಾಹಿತಿಗೆ ಮಾತ್ರ ರೂಟ್ ಬೇಕಿತ್ತು. ಒಂದು ಕೆಲಸದ ಸಲುವಾಗಿ ಎಲ್ಲಕ್ಕೂ ಆ ಅಧಿಕಾರ ಕೊಟ್ಟದ್ದು ನನ್ನ ಮೂಲ ತಪ್ಪು, 777 ಅದರ ಮೇಲಿನ ಎರಡನೆಯದು. ಈಗ ಮುಖ್ಯ ಸ್ಕ್ರಿಪ್ಟ್ ಲಾಗಿನ್ ಇಲ್ಲದ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ, ಲಿನಕ್ಸ್‌ನ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಸೇವೆಯಾಗಿ ಓಡುತ್ತದೆ. ಲಾಗ್ ಡೈರೆಕ್ಟರಿಯನ್ನು ಸಿಸ್ಟಂಡಿಯೇ, ಮಾಲೀಕ ಮಾತ್ರ ಬರೆಯಬಹುದಾದ 755 ಅನುಮತಿಯಲ್ಲಿ ಸೃಷ್ಟಿಸುತ್ತದೆ. ಫೈಲ್ ತೆರೆಯುವಾಗ ಕೊನೆಯ ಹೆಸರು ಸಿಮ್‌ಲಿಂಕ್ ಆಗಿದ್ದರೆ ನಿರಾಕರಿಸುವ ನೋ-ಫಾಲೋ ಸೂಚನೆಯನ್ನೂ ಸೇರಿಸಿದ್ದೇನೆ, ಆದರೆ ದಾರಿಯ ನಡುವಿನ ಡೈರೆಕ್ಟರಿಗಳನ್ನು ಅದು ಕಾಯುವುದಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿಕೊಂಡಿಲ್ಲ. ವಿದ್ಯಾರ್ಥಿಗಳ ಟಿಪ್ಪಣಿಗಳು ಈಗ ಅವರವರ ಹೋಂ ಡೈರೆಕ್ಟರಿಯಲ್ಲೇ ಇರುತ್ತವೆ.

ಉಳಿದ ಸರ್ವರ್‌ಗಳಲ್ಲಿ ಎಲ್ಲರೂ ಬರೆಯಬಹುದಾದ, ಆದರೆ ಸ್ಟಿಕಿ ಬಿಟ್ ಇಲ್ಲದ ಡೈರೆಕ್ಟರಿಗಳನ್ನು ಫೈಂಡ್ ಕಮಾಂಡಿನಿಂದ ಹುಡುಕಿದಾಗ ಇನ್ನೂ ಮೂರು ಸಿಕ್ಕವು. ಒಂದು ಬ್ಯಾಕಪ್‌ನದು, ಎರಡು ಹಳೆಯ ಪ್ರಾಜೆಕ್ಟುಗಳವು. ಮೂರನ್ನೂ ಅಂದೇ ಸರಿಪಡಿಸಿದೆ. ಸೋಮವಾರ ಆ ವಿದ್ಯಾರ್ಥಿಯನ್ನು ಕರೆದು ಹೊಸ ಸರ್ವರಿನಲ್ಲಿ ಅವನದೇ ಲಾಗಿನ್‌ನಿಂದ ಪ್ರಯತ್ನಿಸಲು ಹೇಳಿದೆ. ಅಳಿಸಲು ನೋಡಿದ, ಹೆಸರು ಬದಲಿಸಲು ನೋಡಿದ, ಹೊಸ ಫೈಲ್ ಮಾಡಲು ನೋಡಿದ. ಮೂರಕ್ಕೂ 'ಪರ್ಮಿಷನ್ ಡಿನೈಡ್' ಬಂತು.