ಲೋಳೆಸರ ಹಚ್ಚುವ ಮುಂಚೆ ಹಳದಿ ರಸ ಇಳಿಸಿ

ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದ ಕೂಡಲೇ ನಮ್ಮ ಓಣಿಯಲ್ಲಿ ಎಲ್ಲರಿಗೂ ಲೋಳೆಸರದ ಕುಂಡ ನೆನಪಾಗುತ್ತದೆ. ಒಳ್ಳೆಯದೇ. ಆದರೆ ಎಲೆ ಮುರಿದು ಸೀದಾ ಮುಖಕ್ಕೆ ಉಜ್ಜಬೇಡಿ. ಹೋದ ವರ್ಷ ನಾನು ಹಾಗೆ ಮಾಡಿ ಎರಡು ದಿನ ಕೆನ್ನೆ ಕೆರೆದುಕೊಂಡು ಕೂತಿದ್ದೆ.

ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿಂದ ಹಳದಿ ರಸ ಒಸರುತ್ತದಲ್ಲ, ಅದರಲ್ಲಿ ಅಲೋಯಿನ್ ಎಂಬ ಕಹಿ ವಸ್ತು ಇರುತ್ತದೆ. ಕೆಲವರ ಚರ್ಮಕ್ಕೆ ಆ ರಸ ಆಗಿಬರುವುದಿಲ್ಲ. ನಮಗೆ ಬೇಕಾದ್ದು ಒಳಗಿನ ಬಣ್ಣವಿಲ್ಲದ ತಿರುಳು ಮಾತ್ರ. ಅದು ಹೆಚ್ಚೂಕಡಿಮೆ ನೀರೇ, ಅದಕ್ಕೇ ಅಷ್ಟು ತಂಪು.

ಬುಡದ ಕಡೆಯ ದಪ್ಪ ಎಲೆ ಕೊಯ್ಯಿರಿ. ಕೊಯ್ದ ಬದಿ ಕೆಳಗೆ ಮಾಡಿ ಲೋಟದಲ್ಲಿ 15 ನಿಮಿಷ ನಿಲ್ಲಿಸಿ. ಹಳದಿ ಇಳಿದ ಮೇಲೆ ಅಂಚಿನ ಮುಳ್ಳು, ಸಿಪ್ಪೆ ತೆಗೆದು ತಿರುಳನ್ನು ಚೆನ್ನಾಗಿ ತೊಳೆಯಿರಿ. ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ, ಕಲೆ ಸುಮ್ನೆ ಹೋಗುವುದಿಲ್ಲ! ಮೊದಲು ಮೊಳಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ವಾಸನೆ ಬಂದರೆ ಎಸೆದುಬಿಡಿ.

ಅಂಗಡಿಯ ಜೆಲ್ ಕೊಳ್ಳುವವರು ಹಸಿರು ಬಣ್ಣಕ್ಕೆ ಮರುಳಾಗಬೇಡಿ. ತಿರುಳಿಗೆ ಬಣ್ಣವೇ ಇಲ್ಲ ಅಂದಮೇಲೆ ಆ ಹಸಿರು ಎಲ್ಲಿಂದ ಬಂತು, ಅಲ್ವಾ? ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಅಲೋ (ಅಂದರೆ ಲೋಳೆಸರ) ಹೆಸರು ಮೇಲೆಯೇ ಇದೆಯಾ ನೋಡಿ.

ಇನ್ನು ಮನೆಯಲ್ಲೇ ರಸ ತೆಗೆದು ಕುಡಿಯುವವರಿಗೆ ಒಂದು ಮಾತು: ಆ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿ ಹಿಡಿಯುತ್ತದೆ. ಬಸುರಿಯರಂತೂ ಕುಡಿಯಲೇಬಾರದು. ಜಾಸ್ತಿ ಸುಟ್ಟ ಗಾಯಕ್ಕೂ ಇದನ್ನು ಮೆತ್ತಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ.