ಜಂತಿನ ಔಷಧದಿಂದ ಕೆಚ್ಚಲು ಬಾವು ವಾಸಿಯಾದೀತೇ? ನಾನು ಮಾಡಿ ನೋಡಿದ್ದು

ಭಾಲ್ಕಿ ಕಡೆಯ ಒಂದು ಕೊಟ್ಟಿಗೆಯಲ್ಲಿ ದೇವಣಿ ಹಸುವಿನ ಕೆಚ್ಚಲಿನ ಒಂದು ಭಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂರು ಬಗೆಯ ಆ್ಯಂಟಿಬಯೋಟಿಕ್ ಟ್ಯೂಬುಗಳನ್ನು ತೊಟ್ಟಿಗೆ ಏರಿಸಿ ಆಗಿತ್ತು. ಹಾಲಿನಲ್ಲಿ ಇನ್ನೂ ಹೆಪ್ಪು ಬರುತ್ತಿತ್ತು. ಹಾಲಿನ ಮಾದರಿಯನ್ನು ಬೀದರಿಗೆ ತಂದು ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೆಳೆಸಿದೆ. ಸ್ಟೆಫೈಲೊಕಾಕಸ್ ಆರಿಯಸ್. ಮೆಥಿಸಿಲಿನ್ ಬಗೆಯ ಆ್ಯಂಟಿಬಯೋಟಿಕ್‌ಗಳಿಗೆ ಅದು ಬಗ್ಗುತ್ತದೆಯೇ ಎಂದು ತಿಳಿಯಲು ಇಡುವ ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ, ಬಗ್ಗುವ ತಳಿಯಾದರೆ, 22 ಮಿ.ಮೀ. ಆದರೂ ತಿಳಿಯಾದ ವೃತ್ತ ಮೂಡಬೇಕು. ಮೂಡಿದ್ದು 14. ಮೆಥಿಸಿಲಿನ್‌ಗೆ ಬಗ್ಗದ ತಳಿ, ಅಂದರೆ ಎಂ.ಆರ್.ಎಸ್.ಎ.

ಕಾರಂಜಾ ಹಿನ್ನೀರಿನ ಆಸುಪಾಸಿನಲ್ಲಿ ಮೇಯುವ ದನಗಳಿಗೆ ಪಿತ್ತಜನಕಾಂಗದ ಲಿವರ್ ಫ್ಲೂಕ್ ಹುಳುವಿಗಾಗಿ ನಾವು ಆಕ್ಸಿಕ್ಲೋಜನೈಡ್ ಕುಡಿಸುತ್ತೇವೆ. ಈ ಔಷಧ ಮತ್ತು ಮನುಷ್ಯರಿಗೆ ಲಾಡಿಹುಳುವಿಗೆ ಕೊಡುವ ನಿಕ್ಲೊಸಮೈಡ್ ಎಂ.ಆರ್.ಎಸ್.ಎ.ಯನ್ನು ತಡೆಯುತ್ತವೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು ಓದಿದ್ದೆ. ಎರಡೂ ಒಂದೇ ರಾಸಾಯನಿಕ ಕುಟುಂಬದವು. ಹೊಸ ಆ್ಯಂಟಿಬಯೋಟಿಕ್ ಬರಲು ವರ್ಷಗಟ್ಟಲೆ ಕಾಯಬೇಕು. ಇದಾದರೋ ನಮ್ಮ ಕಪಾಟಿನಲ್ಲೇ ಇದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯ ಬಾಟಲಿಯನ್ನು ಪರೀಕ್ಷೆಗೆ ಬಳಸಬಾರದು. ಅದರಲ್ಲಿ ಅನೇಕ ವೇಳೆ ಲೆವಾಮಿಸೋಲ್ ಎಂಬ ಇನ್ನೊಂದು ಜಂತಿನ ಔಷಧ ಬೆರೆತಿರುತ್ತದೆ, ಜೊತೆಗೆ ಮಂದಕಾರಕಗಳು. ಆಕ್ಸಿಕ್ಲೋಜನೈಡ್‌ನ ಶುದ್ಧ ಪುಡಿಯನ್ನೇ ತರಿಸಿದೆ. ಅದು ನೀರಿನಲ್ಲಿ ಕರಗುವುದಿಲ್ಲ, ಡಿ.ಎಂ.ಎಸ್.ಒ. ಎಂಬ ದ್ರಾವಕ ಬೇಕು. ಮೊದಲ ಸಲ ಅದೇ ಹೆಚ್ಚಾಗಿ, ಪರೀಕ್ಷಾ ತಟ್ಟೆಯಲ್ಲಿ ಔಷಧ ಹಾಕದ ಗುಂಡಿಯಲ್ಲೂ (ಪುಟ್ಟ ಕುಳಿಯಲ್ಲೂ) ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಆ ತಟ್ಟೆಯನ್ನು ಪೂರ್ತಿ ಕೈಬಿಟ್ಟು, ಮುಂದೆ ಶೇ. 1ರೊಳಗೆ ಇಟ್ಟೆ. 96 ಗುಂಡಿಗಳ ತಟ್ಟೆಯಲ್ಲಿ ಪ್ರತಿ ಮಿ.ಲೀ.ಗೆ 64 ಮೈಕ್ರೊಗ್ರಾಂನಿಂದ ಹಿಡಿದು ಅರ್ಧರ್ಧ ಇಳಿಸುತ್ತಾ ಹೋದೆ, ಮಿ.ಲೀ.ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ, 35 ಡಿಗ್ರಿ, 18 ಗಂಟೆ. ಬೆಳಿಗ್ಗೆ ತೆರೆದಾಗ 1 ಮೈಕ್ರೊಗ್ರಾಂವರೆಗೂ ಗುಂಡಿಗಳು ತಿಳಿನೀರಿನಂತಿದ್ದವು, ಅಂದರೆ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಪಕ್ಕದ ಸಾಲಿನಲ್ಲಿದ್ದ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಮಾತ್ರ 64ರಲ್ಲೂ ಏನೂ ಆಗಿರಲಿಲ್ಲ. ಅದರ ಹೊರಪೊರೆ ಔಷಧವನ್ನು ಒಳಗೆ ಬಿಡುವುದೇ ಕಷ್ಟ, ಬಿಟ್ಟದ್ದನ್ನೂ ಪಂಪುಗಳು ಹೊರಹಾಕುತ್ತವೆ.

ನಾನು ಅಲ್ಲಿಗೇ ನಿಲ್ಲಿಸಿದ್ದರೆ ರೈತರಿಗೆ ಸುಳ್ಳು ಆಸೆ ಹುಟ್ಟಿಸಿದಂತಾಗುತ್ತಿತ್ತು. ಕೆಚ್ಚಲಿನಲ್ಲಿ ಇರುವುದು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾರಲ್ಲ, ಹಾಲು. ಈ ಔಷಧ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವಂಥದ್ದು. ಅಂಟಿಕೊಂಡ ಭಾಗ ಕೆಲಸ ಮಾಡುವುದಿಲ್ಲ. ಹಾಗಾಗಿ ಅದೇ ಪರೀಕ್ಷೆಯನ್ನು ಶೇ. 10 ಕ್ರಿಮಿರಹಿತ ಹಾಲು ಬೆರೆಸಿ ಮಾಡಿದೆ. ಹಾಲಿನ ಬಿಳುಪಿನಲ್ಲಿ ಬೆಳವಣಿಗೆ ಕಣ್ಣಿಗೆ ಕಾಣದು. ಅದಕ್ಕೆ ರೆಸಜುರಿನ್ ಬಣ್ಣ ಹಾಕಿದೆ. ಹಿಂದೆ ಡೇರಿಗಳಲ್ಲಿ ಹಾಲಿನ ಗುಣಮಟ್ಟ ನೋಡಲು ಬಳಸುತ್ತಿದ್ದ ಬಣ್ಣವೇ ಇದು: ಬ್ಯಾಕ್ಟೀರಿಯಾ ಜೀವಂತವಾಗಿದ್ದರೆ ನೀಲಿ ಗುಲಾಬಿಯಾಗುತ್ತದೆ. ಬ್ಯಾಕ್ಟೀರಿಯಾ ಹಾಕದ ಬರೀ ಹಾಲಿನ ಗುಂಡಿ ನೀಲಿಯಾಗಿಯೇ ಉಳಿಯಿತು. ಉಳಿದವು ಬಲಗಡೆಯಿಂದ ಒಂದೊಂದಾಗಿ ಗುಲಾಬಿಗೆ ತಿರುಗುತ್ತಾ ಬಂದವು. ಕೊನೆಗೆ ಅವುಗಳಲ್ಲಿ ನೀಲಿ ಉಳಿದದ್ದು ಔಷಧ ಅತಿ ಹೆಚ್ಚಿದ್ದ ಎಡಗಡೆಯ ಎರಡೇ ಗುಂಡಿಗಳಲ್ಲಿ, 64 ಮತ್ತು 32ರಲ್ಲಿ. ಬೆಳವಣಿಗೆ ತಡೆಯಲು ಬೇಕಾದ ಪ್ರಮಾಣ 1 ಇದ್ದದ್ದು 32 ಆಗಿತ್ತು, ಅದೂ ಹತ್ತರಲ್ಲಿ ಒಂದು ಪಾಲು ಹಾಲಿಗೆ. ನನಗೆ ಬಹಳ ನೋವಾಯಿತು.

ಹಸುವಿನ ಮಾಲೀಕರು ಫೋನ್ ಮಾಡಿ, "ಜಂತಿನ ಔಷಧವನ್ನೇ ತೊಟ್ಟಿಗೆ ಏರಿಸಲೇ ಸಾಹೇಬರೇ?" ಎಂದು ಕೇಳಿದರು. ಬೇಡವೇ ಬೇಡ ಎಂದೆ. ಕುಡಿಸುವ ಔಷಧವನ್ನು ಕೆಚ್ಚಲೊಳಗೆ ಬಿಟ್ಟರೆ ಬಾವು ಇನ್ನೂ ಕೆರಳಬಹುದು, ಹಾಲಿನಲ್ಲಿ ಅದರ ಅಂಶವೂ ಉಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಬಾವು ಬಂದ ಆ ಒಂದು ತೊಟ್ಟನ್ನು ಬತ್ತಿಸಿ, ಅವಳನ್ನು ಎಲ್ಲಕ್ಕಿಂತ ಕೊನೆಗೆ ಕರೆಯಲು ಹೇಳಿದೆ. ಮಿಕ್ಕ ಮೂರು ತೊಟ್ಟುಗಳಿಂದ ಈಗಲೂ ಹಾಲು ಕೊಡುತ್ತಿದ್ದಾಳೆ.

ಆದರೂ ನಾನು ಆ ಪುಡಿಯನ್ನು ಎಸೆದಿಲ್ಲ. ಕರೆದಾದ ಮೇಲೆ ತೊಟ್ಟನ್ನು ಒರೆಸಿದರೆ ಚರ್ಮದ ಮೇಲೆ ಹಾಲಿನ ಪ್ರೋಟೀನ್ ಕಡಿಮೆ, ಬ್ಯಾಕ್ಟೀರಿಯಾ ಒಳಹೋಗುವುದೂ ಅಲ್ಲಿಂದಲೇ. ಕಸಾಯಿಖಾನೆಯಿಂದ ತಂದ ಎಮ್ಮೆಯ ತೊಟ್ಟಿನ ಚರ್ಮವನ್ನು ಚೂರು ಮಾಡಿ, ಒಂದು ಸಾಲಿಗೆ ನಾವು ದಿನವೂ ಬಳಸುವ ಅಯೋಡಿನ್ ದ್ರಾವಣ, ಇನ್ನೊಂದಕ್ಕೆ ಇದು ಸವರಿ ಇಟ್ಟಿದ್ದೇನೆ. ಉಳಿದ ಬ್ಯಾಕ್ಟೀರಿಯಾಗಳನ್ನು ನಾಳೆ ಬೆಳಿಗ್ಗೆ ಎಣಿಸಬೇಕು.